ಪಟ್ಟಿ ಮಾಡಿಕೊಟ್ಟ ಸರ್

ನಮ್ಮ ಪಿಯುಸಿ ಫಿಸಿಕ್ಸ್ ಸರ್ ಮುಖದ ಮೇಲೆ ಯಾವಾಗಲೂ ಎರಡು ಕನ್ನಡಕ. ಮೂಗಿನ ಮೇಲಿನದು ಓದುವುದಕ್ಕೆ, ಹಣೆಯ ಮೇಲಿನದು ಕೊನೆಯ ಬೆಂಚಿನವರನ್ನು ಹಿಡಿಯುವುದಕ್ಕೆ. ಪಾಠದಲ್ಲಿ ಅವರನ್ನು ಮೀರಿಸುವವರು ಕುಂದಾಪುರದಲ್ಲೇ ಇರಲಿಲ್ಲ. ಈ ಮಾತನ್ನು ಸಿಟ್ಟು ನೆತ್ತಿಗೇರಿದಾಗಲೂ ನಾನು ಅಲ್ಲಗಳೆದಿಲ್ಲ.

ಸಿಇಟಿ ಫಲಿತಾಂಶ ಬಂದರೆ ಅವರ ಮನೆಯ ಜಗಲಿ ತುಂಬುತ್ತಿತ್ತು. ಸೀಟಿಗೆ ಯಾವ ಕಾಲೇಜು, ಯಾವ ಕೋರ್ಸು ಮೊದಲು ಕೇಳಬೇಕೆಂಬ ಪಟ್ಟಿಯನ್ನು ಅವರೇ ಮಾಡಿಕೊಡುತ್ತಿದ್ದರು. ಹೋದ ವರ್ಷ ಯಾವ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತೆಂಬುದು ಅವರಿಗೆ ಬಾಯಿಪಾಠ. ಬೇಗ ಮುಗಿದದ್ದು ಪಟ್ಟಿಯ ಮೇಲೆ, ತಡವಾಗಿ ಮುಗಿದದ್ದು ಕೆಳಗೆ. ಯಾರಿಗೆ ಏನಿಷ್ಟ ಅಂತ ಕೇಳುವ ಪದ್ಧತಿ ಇರಲಿಲ್ಲ.

ನನಗೆ ಮೀನುಗಾರಿಕೆ ವಿಜ್ಞಾನ ಓದಬೇಕಿತ್ತು. ಬೀಜಾಡಿಯ ಕಡಲ ಬದಿಯಲ್ಲಿ ಬೆಳೆದವಳು, ಮೀನಿನ ಕಿವಿರು ಬಿಡಿಸಿ ನೋಡುತ್ತಾ ಕೂತು ಅಮ್ಮನಿಂದ ಬೈಸಿಕೊಂಡವಳು. ಹೇಳಿದೆ. ಸರ್ ನಕ್ಕುಬಿಟ್ಟರು.

“ಹೆಣೆ, ಮೀನ್ ಓದುಕೆ ಇಷ್ಟ್ ಒಳ್ಳೆ ರ‍್ಯಾಂಕ್ ಎಂತಕೆ? ಬಂದ ರ‍್ಯಾಂಕ್ ಹಾಳ್ ಮಾಡುಕಾಗ.”

“ಸರ್ ಹೇಳ್ರ್ ಅಂದ್ರೆ ಮುಗೀತ್,” ಎಂದರು ಅಪ್ಪಯ್ಯ.

ಮೀನುಗಾರಿಕೆ ಪಟ್ಟಿಯ ತಳಕ್ಕೆ ಹೋಯಿತು. ಮೇಲಿನದೊಂದು ಸಿಕ್ಕಿದರೆ ಕೆಳಗಿನವೆಲ್ಲ ತಾವಾಗಿಯೇ ರದ್ದು. ನನಗೆ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ಕೇರಿಗೆಲ್ಲ ಲಾಡು ಹಂಚಿದರು.

ಮೊದಲ ವರ್ಷವೇ ನಾಲ್ಕು ಪೇಪರ್ ಹೋದವು. ಅಲ್ಲಿಯವರೆಗೆ ಫೇಲೆಂಬುದನ್ನೇ ಕಾಣದವಳು ಊಟ ಬಿಟ್ಟೆ, ಮಾತು ಬಿಟ್ಟೆ, ಕಡೆಗೆ ಮನೆಗೆ ಬಂದು ಗೋಡೆ ನೋಡುತ್ತಾ ಮಲಗಿದೆ. ಸೊಕ್ಕು ಅಂದರು ನೆಂಟರು, ಮೊಬೈಲು ಅಂದರು ಅಪ್ಪಯ್ಯ.

ಸುದ್ದಿ ಕೇಳಿ ಸರ್ ಬಂದರು. ನಿವೃತ್ತರಾಗಿದ್ದರು, ತೀರಾ ಇಳಿದುಹೋಗಿದ್ದರು. ಅಂಗಳದಲ್ಲೇ ನಿಂತು ಅಪ್ಪಯ್ಯನಿಗೆ ಹೇಳಿದರು: “ಇವಳ್ದ್ ತಪ್ಪಿಲ್ಲ ಮಾರಾಯ್ರೆ, ತಪ್ಪ್ ನಂದ್. ನಾನ್ ರ‍್ಯಾಂಕ್ ಮಾತ್ರ ಕಂಡೆ. ಆ ಕೋರ್ಸ್ ಬಿಡ್ಸಿ, ಇನ್ನೊಂದ್ ಸಲ ಸಿಇಟಿ ಬರೀಲಿ. ನಾನೇ ಹೇಳ್ಕೊಡ್ತೆ.”

“ಇಷ್ಟ್ ದಿನ ಓದಿದ್ದ್ ನೀರಲ್ಲ್ ಹೋಮ ಆಯ್ಲಾ?” ಎಂದರು ಅಪ್ಪಯ್ಯ.

ಸರ್ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. ನಾನು ಹೂಂ ಅಂದಿದ್ದರೆ ಅಪ್ಪಯ್ಯನನ್ನು ಒಪ್ಪಿಸದೆ ಅವರು ಅಲ್ಲಿಂದ ಕದಲುತ್ತಿರಲಿಲ್ಲ. ನನಗೋ ಮೈಯೆಲ್ಲ ಉರಿ.

“ಹಾಳ್ ಮಾಡುದೆಲ್ಲ ಮಾಡಿ ಈಗ ಎಂತಕೆ ಬಂದ್ರಿ? ಹೋಗಿ ಸರ್,” ಎಂದೆ.

ಆರು ವರ್ಷ ಎಳೆದು ಡಿಗ್ರಿ ಮುಗಿಸಿದೆ. ಅದಕ್ಕೆ ಸಂಬಂಧವೇ ಇಲ್ಲದ ಒಂದು ಕೆಲಸದಲ್ಲಿದ್ದೇನೆ. ಬೆಳಿಗ್ಗೆ ಏಳುವಾಗಲೇ ಸಾಕೆನಿಸುತ್ತದೆ.

ಹೋದ ವರ್ಷ ಸರ್ ತೀರಿಕೊಂಡರು. ನಾನು ಅವರ ಮನೆಗೆ ಹೋದಾಗ ಅವರ ಹೆಂಡತಿ ಅಂದರು: “ನಿಮ್ಮನಿಗೆ ಬಂದ್ ಹೋದ್ಮೇಲೆ ಪಟ್ಟಿ ಮಾಡುದೇ ಬಿಟ್ರ್ ಮಗಾ. ಯಾರ್ ಬಂದ್ರೂ ಅಪ್ಪ ಅಮ್ಮನ್ನ ಹೊರಗ್ ಕೂರ್ಸಿ, ಮಕ್ಳನ್ನ್ ಮಾತ್ರ ಒಳಗ್ ಕರೀತಿದ್ರ್.”

ನನ್ನನ್ನು ಆ ಕೋರ್ಸಿಗೆ ನೂಕಿದವರು ಬಹಳ ಮಂದಿ. ತಪ್ಪು ನಂದು ಅಂದವರು ಅವರೊಬ್ಬರೇ. ಆ ಒಬ್ಬರಿಗೆ, ಬಿಸಿಲಲ್ಲಿ ನಡೆದು ಬಂದವರಿಗೆ, ನಾನು ಒಂದು ಲೋಟ ನೀರು ಕೂಡ ಕೊಡದೆ ಬಾಗಿಲು ಹಾಕಿದೆ.