ಗಡಿಯಾರಕ್ಕೊಬ್ಬ ಬದಲಿ ಡ್ರೈವರ್

ನನ್ನ ತಮ್ಮ ಹುಟ್ಟಾ ಎಡಚ. ಊಟಕ್ಕೆ ಕೂತರೆ ಎಡಗೈಯೇ ಮುಂದೆ ಬರುತ್ತಿತ್ತು, ಅಮ್ಮ ಅದರ ಮೇಲೆ ಸೌಟಿನಲ್ಲಿ ಒಂದು ಕೊಡುತ್ತಿದ್ದಳು. ಶಾಲೆಯಲ್ಲಿ ಮೇಷ್ಟ್ರ ಬೆತ್ತವೂ ಅದೇ ಕೈಗೆ. ಬೈಸಿಕೊಂಡು ಬೈಸಿಕೊಂಡು ಆ ಕೈ ಕೊನೆಗೆ ಚಡ್ಡಿ ಜೇಬಿನೊಳಗೆ ಸೇರಿಕೊಂಡಿತು. ಮತ್ತೆ ಅದು ಹೊರಗೆ ಬಂದದ್ದು ಅವನು ಬಸ್ಸಿನ ಡ್ರೈವರಾದ ಮೇಲೆ. ಬಸ್ಸಿನಲ್ಲಿ ಗೇರು ಎಡಗಡೆ ಇರುತ್ತದೆ. ಬಲಗೈ ಸ್ಟೇರಿಂಗು ಹಿಡಿದುಕೊಂಡು ಕೂತಿದ್ದರೆ ಎಡಗೈಗೆ ಪುರುಸೊತ್ತೇ ಇಲ್ಲ.

"ಅಕ್ಕಾ, ನನ್ನ ಎಡಗೈಗೆ ಕೊನೆಗೂ ಖಾಯಂ ನೌಕರಿ ಸಿಕ್ತು ನೋಡು" ಅಂದಿದ್ದ.

ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಇವನ ಮನೆಗೇ ಬಂದೆ. ಹಾಗಾಗಿ ಅವನು ಡ್ಯೂಟಿ ಮಾಡಿದ ಕಾಲವನ್ನೂ ಕಂಡಿದ್ದೇನೆ, ಆಮೇಲಿನದನ್ನೂ ಕಂಡಿದ್ದೇನೆ. ಡಿಪೋದಲ್ಲಿ ಅವನನ್ನು 'ಮೆತ್ತನೆ ಬ್ರೇಕು' ಅಂತ ಕರೆಯುತ್ತಿದ್ದರು. ಬಸ್ಸಿನಲ್ಲಿ ನಿಂತವರು ಕೂಡ ಮುಗ್ಗರಿಸದ ಹಾಗೆ ನಿಲ್ಲಿಸುತ್ತಿದ್ದ. ಡಿಪೋ ಮಾತು ಮನೆಯಲ್ಲೂ ನಡೆಯುತ್ತಿತ್ತು. ಕಂಡಕ್ಟರು "ರೈಟ್ ರೈಟ್" ಅಂದರೆ ಬಸ್ಸು ಹೊರಡಬೇಕಲ್ಲ, ಇವನು ಊಟ ಬಡಿಸಿ ಅನ್ನುವುದಕ್ಕೂ ರೈಟ್ ರೈಟ್, ಮಾತು ಸಾಕು ಅನ್ನುವುದಕ್ಕೂ ರೈಟ್ ರೈಟ್, ಬಾಗಿಲಲ್ಲಿ ಕೂತ ಬೆಕ್ಕನ್ನು ಅಟ್ಟುವುದಕ್ಕೂ ಅದೇ.

ಅವನ ಕೈಯಲ್ಲಿ ಮೊದಲು ಇದ್ದದ್ದು ದಿನಾ ಕೀ ಕೊಡುವ ವಾಚು. ಒಂದು ದಿನ ಕೀ ಕೊಡುವುದು ಮರೆತುಹೋಗಿ, ಬೆಳಗಿನ ಮೊದಲ ಬಸ್ಸು ಇವನಿಲ್ಲದೆ ನಿಂತೇ ಇತ್ತು. ಡಿಪೋ ಮ್ಯಾನೇಜರು ಎಲ್ಲರ ಎದುರಿಗೆ ನೀರಿಳಿಸಿದರು. ಅದೇ ವಾರ ಹಳೇ ವಾಚು ಮಾರುವವನ ಹತ್ತಿರ ಹೋಗಿ ಆಟೋಮ್ಯಾಟಿಕ್ ವಾಚೊಂದನ್ನು ತಂದ. ಅದಕ್ಕೆ ಕೀ ಕೊಡುವ ಕೆಲಸವಿಲ್ಲ, ಸೆಲ್ಲೂ ಬೇಡ. ಒಳಗೆ ಅರ್ಧ ಬಿಲ್ಲೆಯ ಹಾಗೆ ಒಂದು ತೂಕ ಇರುತ್ತದೆ. ಕೈ ಆಡಿದ ಹಾಗೆ ಅದು ತಿರುಗುತ್ತದೆ, ಅದು ತಿರುಗಿದ ಹಾಗೆ ಒಳಗಿನ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ. ಕೈ ಸುಮ್ಮನಿದ್ದರೆ ವಾಚೂ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ.

"ಬಸ್ಸಿಗೆ ಡೀಸೆಲ್ಲು, ಇದಕ್ಕೆ ನಾನು" ಅಂತ ಕಂಡವರಿಗೆಲ್ಲ ತೋರಿಸಿಕೊಂಡು ತಿರುಗಿದ.

ರಿಟೈರಾದ ಮೇಲೂ ಆ ವಾಚು ನಿಂತದ್ದಿಲ್ಲ. ಸುಮ್ಮನೆ ಕೂರುವ ಆಸಾಮಿಯಲ್ಲ ಅವನು. ಸೋರುವ ನಲ್ಲಿ ಬಿಚ್ಚುತ್ತಿದ್ದ, ಪಕ್ಕದ ಮನೆಯವರ ಗೇಟು ಕಿರುಗುಟ್ಟಿದರೆ ಎಣ್ಣೆ ಹಿಡಿದುಕೊಂಡು ಹೋಗುತ್ತಿದ್ದ.

ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತಾ ನಿಂತಿದ್ದವನ ಎಡಗೈಯಿಂದ ಲೋಟ ಜಾರಿ ಬಿತ್ತು. ಲೋಟ ಬಿದ್ದದ್ದು ಅವನಿಗೇ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ಲಕ್ವ ಅಂದರು. ಮಾತು ಉಳಿಯಿತು, ಕಾಲು ಒಂದಿಷ್ಟು ಎಳೆಯುತ್ತಾದರೂ ನಡೆಯಿತು, ಎಡಗೈ ಮಾತ್ರ ಒದ್ದೆ ಟವೆಲಿನ ಹಾಗೆ ತೊಡೆ ಮೇಲೆ ಬಿದ್ದುಕೊಂಡಿತು.

ಮನೆಗೆ ಬಂದ ಮೇಲೆ ವ್ಯಾಯಾಮ ಮಾಡಿಸುವಾಕೆ ಬರತೊಡಗಿದಳು. ರಬ್ಬರ್ ಚೆಂಡೊಂದನ್ನು ಕೊಟ್ಟು ಹಿಸುಕಲು ಹೇಳಿದಳು. ಕೈ ಊದುತ್ತದೆ, ಮಲಗುವಾಗ ವಾಚು ಬಿಚ್ಚಿಡಿ ಅಂದಳು. ಹೋಗುವಾಗ ನನ್ನನ್ನು ಬಾಗಿಲ ಹತ್ತಿರ ಕರೆದು, "ಅಮ್ಮಾ, ಆ ಕೈಗೆ ದಿನಾ ಕೆಲಸ ಬೇಕು. ಈಗ ಬಿಟ್ರೆ ಬಿಗಿದುಕೊಂಡು ಬಿಡುತ್ತೆ. ಆಮೇಲೆ ನಾನು ಬಂದ್ರೂ ಅಷ್ಟೆ, ಬರದಿದ್ರೂ ಅಷ್ಟೆ" ಅಂದಳು.

ಇವನು ಚೆಂಡು ಮುಟ್ಟಲಿಲ್ಲ. "ಚೆಂಡು ಹಿಸುಕೋಕೆ ನಾನೇನು ಎಳೇ ಕೂಸಾ?" ಅಂದ. ಚೆಂಡು ಉರುಳಿ ಮಂಚದ ಕೆಳಗೆ ಹೋಗಿ ಅಲ್ಲೇ ಸಂಸಾರ ಹೂಡಿತು.

ವಾಚೂ ನಿಲ್ಲತೊಡಗಿತು. ಕೈ ಆಡದೆ ಅದಾದರೂ ಎಲ್ಲಿಂದ ನಡೆದೀತು? ಬೆಳಿಗ್ಗೆ ಎದ್ದ ಕೂಡಲೇ ಬಲಗೈಯಲ್ಲಿ ಅದನ್ನು ತೆಗೆದು ಕಿವಿಗೆ ಹಿಡಿಯುತ್ತಿದ್ದ. "ಇದೂ ಹೋಯ್ತು" ಅನ್ನುತ್ತಿದ್ದ. ದಿನಾ ಅದೇ ಮಾತು. ಅವನ ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಹೊರಡುವ ಮೊದಲು ವಾಚನ್ನು ಅಲ್ಲಾಡಿಸಿ, ಹೊತ್ತು ಸರಿಮಾಡಿ, ಅವನ ಕೈಗೆ ಕಟ್ಟುತ್ತಿದ್ದಳು.

"ಬಲಗೈಗೆ ಕಟ್ಲಾ ಅಪ್ಪಾ? ನಡೀತಾ ಇರುತ್ತೆ."

"ಅದು ಎಡಗೈ ದುಡಿಮೆ. ಬಲಗೈಗೆ ಯಾಕೆ ಕೊಡ್ಲಿ?"

ನನಗೆ ಹೆದರಿಕೆ ಹುಟ್ಟಿದ್ದು ಇಲ್ಲಿ. ವಾಚು ನಿಂತರೆ ಕೈ ಸತ್ತಿತು ಅಂತ ಅವನು ಲೆಕ್ಕ ಹಾಕಿಕೊಂಡಿದ್ದ. ಸತ್ತ ಕೈಗೆ ವ್ಯಾಯಾಮ ಯಾಕೆ ಅಂತ ಕೂತುಬಿಟ್ಟಿದ್ದ. ಹೀಗೇ ಇನ್ನಷ್ಟು ದಿನ ಕೂತರೆ ಕೈ ನಿಜಕ್ಕೂ ಹೋಗುತ್ತಿತ್ತು.

ಆಟೋಮ್ಯಾಟಿಕ್ ವಾಚನ್ನು ತಿರುಗಿಸಿ ಇಡುವ ಡಬ್ಬಿ ಬರುತ್ತದೆ ಅಂತ ಮಗಳು ಎಲ್ಲೋ ಕೇಳಿಕೊಂಡು ಬಂದಳು. ನಾನೂ ಅವಳೂ ವಾಚು ರಿಪೇರಿಯವನ ಅಂಗಡಿಗೆ ಹೋದೆವು. ಮೆಟ್ಟಿಲ ಕೆಳಗಿನ ಅಂಗಡಿ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು.

"ವೈಂಡರ್ ಅಂತಾರೆ ಅಮ್ಮಾ" ಅಂದ ಅವನು. "ವಾಚನ್ನ ತೊಟ್ಟಿಲಿಗೆ ಹಾಕಿ ತೂಗಿದ ಹಾಗೆ."

ಅವನ ಹತ್ತಿರ ಮೂರು ಇದ್ದವು. ಮೊದಲನೆಯದಕ್ಕೆ ಗಾಜಿನ ಮುಚ್ಚಳ, ಒಳಗೆ ದೀಪ. ನೋಡಲು ಚೆಂದ. ಆದರೆ ವಾಚು ತೊಡಿಸುವ ದಿಂಬು ದಪ್ಪ, ನನ್ನ ತಮ್ಮನ ಸಣ್ಣ ಪಟ್ಟಿ ಅದಕ್ಕೆ ಸುತ್ತುವಂತಿರಲಿಲ್ಲ. ಎರಡನೆಯದು ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ತಿರುಗುತ್ತಿತ್ತು, ಆದರೆ ಕಾಫಿಬೀಜ ಪುಡಿ ಮಾಡಿದ ಹಾಗೆ ಗರಗರ ಸದ್ದು. ಮಂಚದ ಪಕ್ಕ ಇಡುವುದನ್ನು ಹಾಗೆ ಅರಚಿಸಿದರೆ ಯಾರು ಮಲಗುತ್ತಾರೆ? ಮೂರನೆಯದು ಸಾದಾ ಮರದ ಡಬ್ಬಿ. ಕಿವಿ ಹತ್ತಿರ ಹಿಡಿದರೂ ಸದ್ದಿಲ್ಲ. ಒಂದಿಷ್ಟು ಹೊತ್ತು ತಿರುಗಿ ಒಂದಿಷ್ಟು ಹೊತ್ತು ಸುಧಾರಿಸಿಕೊಳ್ಳುತ್ತದೆ. ಆದರೆ ತಿರುಗುವುದು ಒಂದೇ ಕಡೆಗೆ. ಎಡಕ್ಕೋ ಬಲಕ್ಕೋ ಅಂತ ಹಿಂದಿನ ಗುಂಡಿಯಲ್ಲಿ ನಾವೇ ಇಡಬೇಕು.

"ಎಡೆಬಿಡದೆ ತಿರುಗೋದು ಬೇಡ, ಸುಮ್ನೆ ಸವೆಯುತ್ತೆ. ಇದೇ ಒಳ್ಳೇದು" ಅಂದ ರಿಪೇರಿಯವನು. "ಆದ್ರೆ ಒಂದು ಮಾತು. ಕೆಲವು ವಾಚು ಯಾವ ಕಡೆ ತಿರುಗಿದ್ರೂ ಸುತ್ತಿಕೊಳ್ಳುತ್ತೆ. ಕೆಲವು ಒಂದೇ ಕಡೆ. ಇನ್ನೊಂದು ಕಡೆ ಎಷ್ಟು ತಿರುಗಿಸಿದ್ರೂ ದಂಡ. ನಿಮ್ದು ತಂದಿದ್ದೀರಾ? ಬಿಚ್ಚಿ ನೋಡಿ ಹೇಳ್ತೀನಿ."

"ಹಗಲು ಹೊತ್ತು ಅಪ್ಪ ಬಿಚ್ಚೋಕೆ ಬಿಡಲ್ಲ" ಅಂದಳು ಮಗಳು.

"ಹಾಗಾದ್ರೆ ಅವರನ್ನೇ ಕೇಳಿ. ಸರ್ವಿಸ್ ಮಾಡಿಸಿದಾಗ ಯಾರಾದ್ರೂ ಹೇಳಿರ್ತಾರೆ."

ಡಬ್ಬಿಯನ್ನು ತಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟೆವು. ತಮ್ಮ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ.

"ಅಪ್ಪಾ, ನಿಮ್ಮ ವಾಚಿಗೆ ಮೆಷಿನ್ ತಂದಿದ್ದೀನಿ. ಇದು ಯಾವ ಕಡೆ ತಿರುಗ್ಬೇಕು? ಎಡಕ್ಕೋ ಬಲಕ್ಕೋ?"

ಅವನು ತಿರುಗಿ ಕೂಡ ನೋಡಲಿಲ್ಲ. "ರೈಟ್ ರೈಟ್" ಅಂದ.

ಅವಳು ಗುಂಡಿಯನ್ನು ಬಲಕ್ಕೆ ತಳ್ಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೂ ಹೊಳೆಯಲಿಲ್ಲ.

ಬೆಳಿಗ್ಗೆ ನೋಡಿದರೆ ರಾತ್ರಿ ಡಬ್ಬಿಯಲ್ಲಿಟ್ಟ ವಾಚು ನಿಂತಿತ್ತು. ಮಾರನೇ ಬೆಳಿಗ್ಗೆಯೂ ನಿಂತಿತ್ತು. ಡಬ್ಬಿ ಮಾತ್ರ ಪಾಪ, ತನ್ನ ಪಾಡಿಗೆ ತಿರುಗುತ್ತಿತ್ತು. ನನ್ನ ತಮ್ಮ ವಾಚನ್ನು ಕಿವಿಗೆ ಹಿಡಿದ. ಡಬ್ಬಿ ಕಡೆ ನೋಡಿದ.

"ಏನೇ, ನಿನ್ನ ಮೆಷಿನ್ನಿಗೂ ಲಕ್ವ ಹೊಡೀತಾ?"

ಆಸ್ಪತ್ರೆಯಿಂದ ಬಂದ ಮೇಲೆ ಅವನಾಡಿದ ಮೊದಲ ತಮಾಷೆ ಅದು. ಅವನ ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಇಣುಕಿದಳು.

"ಕರೆಂಟು ಕುಡಿದುಕೊಂಡು ಇಷ್ಟು ತಿರುಗಿದ್ರೂ ಇದರ ಕೈಲಿ ಆಗ್ಲಿಲ್ಲ" ಅಂದ. "ಅಕ್ಕಾ, ಆ ದೊಡ್ಡ ಛತ್ರಿ ತಗೊಂಡು ಬಾ. ಒಂದು ಡಬ್ಬಕ್ಕೆ ಮರಳು ತುಂಬಿ ತಾ."

ಮರಳಿನ ಡಬ್ಬದಲ್ಲಿ ಛತ್ರಿಯನ್ನು ನೆಟ್ಟಗೆ ಊರಿ ಕುರ್ಚಿಯ ಎಡಕ್ಕೆ ಇಡಿಸಿಕೊಂಡ. ಬಲಗೈಯಿಂದ ಎಡಗೈಯನ್ನು ಎತ್ತಿ ಛತ್ರಿಯ ಹಿಡಿಯ ಮೇಲೆ ಕೂರಿಸಿದ. ಕಣ್ಣು ಮುಚ್ಚಿದ. "ಫಸ್ಟು" ಅಂದ. ಏನೂ ಆಗಲಿಲ್ಲ. "ಫಸ್ಟು" ಅಂದ ಮತ್ತೆ. ಭುಜ ಅಲುಗಿತು, ಅದರ ಹಿಂದೆ ಕೈ ಅಲುಗಿತು, ಛತ್ರಿ ಒಂದಿಷ್ಟು ಮುಂದೆ ಬಾಗಿತು.

ಚೆಂಡು ಹಿಸುಕದ ಕೈ ಗೇರು ಹಾಕಲು ಒಪ್ಪಿತು. ದಿನಾ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಬಸ್ಸು ಹೊರಡಿಸುತ್ತಿದ್ದ.

"ರೀ, ಯಾವ ಊರಿಗೆ ಬಸ್ಸು?" ಅನ್ನುತ್ತಿದ್ದಳು ಹೆಂಡತಿ.

"ಅಡುಗೆಮನೆಗೆ. ಹತ್ತೋದಾದ್ರೆ ಹತ್ತು. ಬಾಗಿಲಲ್ಲಿ ನಿಂತು ಹರಟೆ ಹೊಡೀಬೇಡ."

ವ್ಯಾಯಾಮದಾಕೆ ಬಂದು ಛತ್ರಿ ನೋಡಿ ನಕ್ಕಳು. ಚೆಂಡಿಗಿಂತ ಇದೇ ವಾಸಿ, ಭುಜಕ್ಕೂ ಆಯಿತು ಮೊಣಕೈಗೂ ಆಯಿತು ಅಂದಳು. ಬರಬರುತ್ತಾ ಬೆಳಿಗ್ಗೆ ವಾಚು ನಡೆಯುತ್ತಿರುವುದೂ ಉಂಟಾಯಿತು. ಅವನು ಅದನ್ನು ನನ್ನ ಕಿವಿಗೂ ಹಿಡಿಯುತ್ತಿದ್ದ. ಮಲಗುವಾಗ ಮಾತ್ರ ಡಬ್ಬಿಯಲ್ಲೇ ಇಡಿಸುತ್ತಿದ್ದ. "ಅಲ್ಲೇ ಇಡು. ಅದಕ್ಕೂ ಸ್ವಲ್ಪ ನಾಚಿಕೆಯಾಗ್ಲಿ."

ಹೀಗಿರುವಾಗ ವಾಚಿನ ಪಟ್ಟಿಯ ಪಿನ್ನು ಮುರಿಯಿತು. ಮಗಳು ರಿಪೇರಿಗೆ ತೆಗೆದುಕೊಂಡು ಹೋದಳು. ಬಂದವಳು ನೇರವಾಗಿ ನಾನು ಬಟ್ಟೆ ಒಣಹಾಕುತ್ತಿದ್ದಲ್ಲಿಗೆ ಬಂದಳು.

"ಅತ್ತೆ, ಅವರು ಹಿಂದಿನ ಮುಚ್ಚಳ ಬಿಚ್ಚಿ ನೋಡಿದ್ರು. ಈ ವಾಚು ಎಡಕ್ಕೆ ತಿರುಗಿದ್ರೆ ಮಾತ್ರ ಸುತ್ತಿಕೊಳ್ಳೋದಂತೆ. ನಾವು ಬಲಕ್ಕೆ ಇಟ್ಟಿದ್ದೀವಿ. ಮೆಷಿನ್ ಸರಿಯಾಗೇ ಇದೆ."

ನಾನು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದೆ. "ಬಲಕ್ಕೇ ಇರ್ಲಿ ಬಿಡು."

"ಅಪ್ಪಂಗೆ ಮೋಸ ಮಾಡಿದ ಹಾಗಲ್ವಾ?"

"ಏನು ಮೋಸ? ವಾಚು ನಡೆಸ್ತಿರೋದು ಅವನ ಕೈಯೇ ತಾನೇ? ಮೆಷಿನ್ ಸೋತಿದೆ ಅಂತಾನೇ ಅವನು ಎದ್ದು ಕೂತಿರೋದು."

"ಸರಿ ಅತ್ತೆ. ನಾಳೆ ಮೈ ಸರಿ ಇಲ್ಲ ಅಂತ ಒಂದೆರಡು ದಿನ ಕೈ ಆಡಿಸ್ಲಿಲ್ಲ ಅನ್ನಿ. ವಾಚು ನಿಲ್ಲುತ್ತೆ. ಮತ್ತೆ ಕೈ ಸತ್ತೋಯ್ತು ಅಂತ ಕೂತುಬಿಟ್ರೆ?"

ಆದರೂ ಗುಂಡಿ ಬಲಕ್ಕೇ ಉಳಿಯಿತು.

ಅವಳು ಹೇಳಿದ ಹಾಗೇ ಆಯಿತು. ತಮ್ಮನಿಗೆ ಜ್ವರ ಬಂತು. ಹೊದ್ದುಕೊಂಡು ಮಲಗಿದವನು ಛತ್ರಿ ಮುಟ್ಟಲಿಲ್ಲ, ವಾಚು ಕಟ್ಟಲಿಲ್ಲ. ವಾಚು ನಿಂತಿತು. ಕಿವಿಗೆ ಹಿಡಿದು ನೋಡಿ, "ಇದೂ ಹೋಯ್ತು" ಅಂದ. ಜ್ವರ ಇಳಿಯಿತು, ಅವನು ಏಳಲಿಲ್ಲ. ಛತ್ರಿಯನ್ನು ಮೂಲೆಗೆ ಇಡಿ ಅಂದ. ಗೋಡೆ ಕಡೆ ಹೊರಳಿಕೊಂಡ. ಅವನ ಹೆಂಡತಿ ನನ್ನ ಮುಖ ನೋಡಿದಳು, "ಏನಾದ್ರೂ ಹೇಳಿ ಅತ್ತಿಗೆ" ಅಂದಳು. ಚೆಂಡು ಮಂಚದ ಕೆಳಗೆ ಇನ್ನೂ ಹಾಗೇ ಇತ್ತು.

ಆ ಸಂಜೆ ಮಗಳು ಯಾರನ್ನೂ ಕೇಳದೆ ಗುಂಡಿಯನ್ನು ಎಡಕ್ಕೆ ತಳ್ಳಿದಳು. ಮುಳ್ಳು ಸರಿಮಾಡಿ, ವಾಚನ್ನು ಡಬ್ಬಿಗೆ ಹಾಕಿದಳು.

ಬೆಳಿಗ್ಗೆ ಅವನು ಅಭ್ಯಾಸಬಲದಿಂದ ವಾಚು ತೆಗೆದು ಕಿವಿಗೆ ಹಿಡಿದ. ಬಹಳ ಹೊತ್ತು ಹಿಡಿದ. ನಾವು ಮೂವರೂ ಬಾಗಿಲಲ್ಲಿ ನಿಂತಿದ್ದೆವು.

"ನಾನು ಕೈ ಆಡಿಸಿಲ್ಲ" ಅಂದ. "ಇದು ಹೇಗೆ ನಡೀತಿದೆ?"

ಮಗಳು ಹೇಳಿಬಿಟ್ಟಳು. "ಮೆಷಿನ್ನೇ ನಡೆಸ್ತಿದೆ ಅಪ್ಪಾ. ಮೊದಲಿಂದ ತಪ್ಪು ಕಡೆ ಇಟ್ಟಿದ್ವಿ. ನೀವೇ ತಾನೇ ರೈಟ್ ಅಂದಿದ್ದು."

ಅವನು ಡಬ್ಬಿ ನೋಡಿದ, ವಾಚು ನೋಡಿದ, ತೊಡೆ ಮೇಲಿದ್ದ ಕೈ ನೋಡಿದ. ಮೆಷಿನ್ನೇ ನಡೆಸುವುದಾದರೆ ಇನ್ನು ಈ ಕೈ ಯಾಕೆ ಅನ್ನುತ್ತಾನೆ ಅಂದುಕೊಂಡೆ ನಾನು.

"ಅಯ್ಯೋ ಮಂಕೇ" ಅಂದ. "ನಾನು ರೈಟ್ ಅಂದಿದ್ದು ಬಲಕ್ಕೆ ಅಂತಲ್ಲ ಕಣೇ. ಅದನ್ನ ತಗೊಂಡು ಹೊರಡು ಅಂತ!"

ಅವನು ನಕ್ಕ ನಗುವಿಗೆ ಮಂಚ ಅಲುಗಾಡಿತು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ನಕ್ಕಿದ್ದಕ್ಕೋ ಅತ್ತಿದ್ದಕ್ಕೋ ತಿಳಿಯದು. ನಗು ನಿಂತ ಮೇಲೆ ಅವನು ಡಬ್ಬಿಯ ಮರದ ಮೇಲೆ ಬಲಗೈ ಸವರಿದ.

"ಅಂದ್ರೆ ಇಷ್ಟು ದಿನ ಹಗಲು ಪಾಳಿ, ರಾತ್ರಿ ಪಾಳಿ ಎರಡನ್ನೂ ನಾನೊಬ್ಬನೇ ಓಡಿಸಿದ್ದೀನಿ. ಬದಲಿ ಡ್ರೈವರ್ ಬಂದಿದ್ದಾನೆ ಅಂತ ಒಂದು ಮಾತು ಹೇಳ್ಬಾರ್ದಾ?"

"ಮತ್ತೆ ಜ್ವರ ಬಂದು ಮಲಗಿದ್ದಾಗ ನಿಂತಿತಲ್ಲ, ಆಗ ಕೈ ಹೋಯ್ತು ಅಂದ್ಯಲ್ಲೋ?" ಅಂದೆ ನಾನು.

"ಡ್ರೈವರಿಗೆ ಜ್ವರ ಬಂದ್ರೆ ರಜೆ ಹಾಕ್ತಾನೆ ಅಕ್ಕಾ. ಅಷ್ಟಕ್ಕೇ ಅವನನ್ನ ಕೆಲಸದಿಂದ ತೆಗೀತಾರಾ? ಛತ್ರಿ ಎಲ್ಲಿ?"

ಈಗಲೂ ಅದೇ ಏರ್ಪಾಡು ನಡೆದಿದೆ. ಹಗಲು ವಾಚು ಅವನ ಕೈಯಲ್ಲಿ, ಮಲಗುವಾಗ ಡಬ್ಬಿಯಲ್ಲಿ. ಮೈ ಸರಿಯಿಲ್ಲದ ದಿನ ಪೂರ್ತಿ ಡಬ್ಬಿಯಲ್ಲೇ. ವಾಚು ನಡೆಯುತ್ತಿದೆಯೋ ಅಂತ ಕಿವಿಗೆ ಹಿಡಿಯುವುದನ್ನು ಬಿಟ್ಟಿದ್ದಾನೆ. ಎಡಗೈ ಪೂರ್ತಿ ಬಂದಿಲ್ಲ. ತುಂಬಿದ ಲೋಟ ಎತ್ತಲಾರ, ಅಂಗಿಯ ಗುಂಡಿ ಹಾಕಿಕೊಳ್ಳಲಾರ. ಬೆರಳುಗಳು ಛತ್ರಿಯ ಹಿಡಿಯನ್ನು ತಾವೇ ಹುಡುಕಿಕೊಂಡು ಹೋಗಿ ಹಿಡಿಯುತ್ತವೆ, ಅಷ್ಟಾಗಿದೆ. ಡಿಪೋದಲ್ಲಿ ಪಾಳಿ ಬದಲಾಗುವಾಗ ಇಳಿಯುವ ಡ್ರೈವರು ಹತ್ತುವವನಿಗೆ ಗಾಡಿಯ ಸ್ಥಿತಿ ಹೇಳಬೇಕಂತೆ. ಇವನೂ ವಾಚು ಬಿಚ್ಚಿದ ಮೇಲೆ ಡಬ್ಬಿಗೆ ಹೇಳುತ್ತಾನೆ, "ಗಾಡಿ ಸರಿ ಇದೆ, ಪಟ್ಟಿ ಸ್ವಲ್ಪ ಬಿಗಿ." ಆಮೇಲೆ ಎಡಗೈ ಹೆಬ್ಬೆರಳಿನಲ್ಲಿ ಮುಚ್ಚಳ ಹಾಕುತ್ತಾನೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ನಾವು ಯಾರೂ ಕೈ ಹಾಕುವಂತಿಲ್ಲ.

ಮುಚ್ಚಳ ಕೂತ ಸದ್ದು ಬಂದ ಮೇಲೆ "ರೈಟ್ ರೈಟ್" ಅನ್ನುತ್ತಾನೆ. ಡಬ್ಬಿ ಎಡಕ್ಕೆ ತಿರುಗುತ್ತದೆ.