ಅಕ್ಕ ಒತ್ತದ ಕರೆಯೋಲೆ

ಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಕ್ಕ ಇದ್ದರು. ಬೇಲಿಯಾಚೆ ಬಟ್ಟೆ ಒಣಹಾಕುತ್ತ, ನನ್ನನ್ನು ಕಂಡಾಗಲೆಲ್ಲ "ಊಟ ಆಯ್ತಾ ಮಾರಾಯ್ರೇ?" ಎನ್ನುತ್ತಿದ್ದರು. ನಾನು ಫೋನಿನಿಂದ ತಲೆ ಎತ್ತದೆ "ಹೂಂ" ಎನ್ನುತ್ತಿದ್ದೆ.

ಒಮ್ಮೆ ವಾಟ್ಸಾಪಿಗೆ ಮದುವೆ ಕರೆಯೋಲೆ ಎಂಬ ಫೈಲು ಬಂತು. ಯಾರ ಮದುವೆಯೆಂದೂ ಯೋಚಿಸದೆ, ಹೋಳಿಗೆಯ ಆಸೆಗೆ ಒತ್ತಿಬಿಟ್ಟೆ. ಯಾವನೋ ಕಳ್ಳ ನನ್ನ ಫೋನಿಗೆ ನುಗ್ಗಿ, ನನ್ನ ಹೆಸರಿನಲ್ಲೇ ಎಲ್ಲರಿಗೂ ಅದನ್ನು ಕಳಿಸಿದ. ನೆಂಟರೂ ಒತ್ತಿ ಕೆಟ್ಟರು.

ಅಕ್ಕ ಮಾತ್ರ ಒತ್ತದೆ ಬೇಲಿಯ ಹತ್ತಿರ ಬಂದರು. "ಇದು ನೀವು ಕಳಿಸಿದ್ದಲ್ಲ ಅಲ್ವಾ?"

"ಹೇಗೆ ಗೊತ್ತಾಯ್ತು ಅಕ್ಕ?"

ಅವರು ಒದ್ದೆ ಸೀರೆ ಕೊಡವಿದರು. "ಜೊತೆಗೆ 'ಊಟ ಆಯ್ತಾ' ಅಂತ ಬರ್ದಿತ್ತು ಮಾರಾಯ್ರೇ. ನೀವು ಯಾವತ್ತಾದ್ರೂ ಕೇಳಿದ್ದುಂಟಾ?"