ಮುಂದಿನ ಸೀಟಿಗೆ ಬಂದ ಹಾಲಿನ ಕ್ಯಾನು

ಕಳೆದ ವಾರ ಹುಣಸೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನಡಿಗೆ ನುಸುಳಿ, ಮುಂದಿನ ಚಕ್ರದ ಒಳಗಿನಿಂದ ಮೊಳದುದ್ದದ ಒಣ ಹುರುಳಿ ಬಳ್ಳಿಯೊಂದನ್ನು ಎಳೆದು ನನ್ನ ಕೈಗಿಟ್ಟ. "ಎಲ್ಲೋ ಒಕ್ಕಣೆ ಮುಗಿಸ್ಕೊಂಡು ಬಂದಂಗದೆ ಸಾರ್" ಅಂದ. ಈ ಕಡೆ ಕಾರು ಓಡಿಸಿದವರಿಗೆ ಇದೇನೂ ಹೊಸದಲ್ಲ. ಸುಗ್ಗಿಯಲ್ಲಿ ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಡಾಂಬರು ರಸ್ತೆಯೇ ಕಣ. ರಾಗಿ, ಹುರುಳಿ ಹರಡಿದವರು ಮರದ ನೆರಳಿನಲ್ಲಿ ಕೂರುತ್ತಾರೆ. ಬಸ್ಸು, ಲಾರಿ, ನಾನು, ನೀವು ಅದನ್ನು ತುಳಿದುಕೊಟ್ಟು ಮುಂದೆ ಹೋಗುತ್ತೇವೆ.

ಬಳ್ಳಿ ಹಿಡಿದು ನಿಂತವನಿಗೆ ಒಂದು ಅನುಮಾನ ಬಂತು. ನಾನು ಮೈಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಘರ್ಷಣೆಯ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಒಂದು ಘಟನೆ ಹೇಳುತ್ತೇನೆ. ಅದರಲ್ಲಿ ಒಂದು ಜಾರುವ ಏರು, ಒಂದು ಕಾರು, ನನ್ನ ಅಕ್ಕ ರತ್ನ, ಮತ್ತು ನಾನು. ಸಿಕ್ಕಿಬಿದ್ದ ಕಾರನ್ನು ಪಾರುಮಾಡುವ ಉಪಾಯ ಹೊಳೆಯುವುದು ನನಗೆ. ಹದಿನಾಲ್ಕು ವರ್ಷ ಹೀಗೆಯೇ ಹೇಳಿದ್ದೇನೆ. ಹುಡುಗರು ನಕ್ಕಿದ್ದಾರೆ, ನಾನು ಬೀಗಿದ್ದೇನೆ. ಆದರೆ ಆ ಉಪಾಯ ನಿಜಕ್ಕೂ ನನ್ನದೇ?

ಮೊದಲು ಅಕ್ಕನ ಬಗ್ಗೆ ಹೇಳಬೇಕು. ರಾವಂದೂರಿನ ಹತ್ತಿರದ ನಮ್ಮ ಊರಿನಲ್ಲಿ ಅವಳು ಏಳನೇ ಕ್ಲಾಸಿಗೆ ಸ್ಲೇಟು ಮಡಗಿದವಳು. ನಲವತ್ತು ದಾಟಿದ ಮೇಲೆ ಹಳೆಯ ವ್ಯಾನೊಂದನ್ನು ಕೊಂಡು ಓಡಿಸಲು ಕಲಿತಳು. ಊರಿನ ಡೇರಿಯ ಹಾಲನ್ನು ದೊಡ್ಡ ರಸ್ತೆಯ ಕೈಮರದ ಬಳಿ ನಿಲ್ಲುವ ಟ್ಯಾಂಕರಿಗೆ ಮುಟ್ಟಿಸುವ ಕೆಲಸ ತನಗೆ ಕೊಡಿ ಎಂದು ಸಭೆಯಲ್ಲಿ ಎದ್ದು ನಿಂತು ಕೇಳಿದಳಂತೆ. ಡೇರಿಯ ಹಿರಿಯ ಚಿಕ್ಕೇಗೌಡರು ಒಂದು ತಿಂಗಳು ನೋಡೋಣ ಅಂದರು. ಒಂದೇ ಒಂದು ದಿನ ಟ್ಯಾಂಕರು ತಪ್ಪಿದರೂ ಕೆಲಸ ಟ್ರ್ಯಾಕ್ಟರಿನವರಿಗೆ ಹೋಗುತ್ತದೆ ಎಂದೂ ಸೇರಿಸಿದರು.

ಅವಳ ವ್ಯಾನು ಹಿಂದಿನ ಚಕ್ರದ್ದು. ಎಂಜಿನ್ನಿನ ಬಲವೆಲ್ಲ ಹಿಂದಕ್ಕೆ ಹೋಗಿ, ಅಲ್ಲಿಂದ ಗಾಡಿಯನ್ನು ತಳ್ಳುತ್ತದೆ. ಕೆಸರಿನ ತಿರುವಿನಲ್ಲಿ ಆತುರಪಟ್ಟರೆ ಬಾಲ ಪಕ್ಕಕ್ಕೆ ಬೀಸುತ್ತದೆ. ನನ್ನದು ಆಗಷ್ಟೇ ಕೊಂಡ ಕಾರು, ಮುಂದಿನ ಚಕ್ರ ಎಳೆಯುವಂಥದ್ದು. ಅದಕ್ಕೆ ಬಾಲ ಬೀಸುವ ಚಾಳಿಯಿಲ್ಲ. ಜಾರಿದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ನೇರ ಗದ್ದೆಯ ಕಡೆಗೇ ಹೊರಡುತ್ತದೆ. ಇದರಲ್ಲಿ ಯಾವುದು ಮೇಲು ಎಂದು ನಾನು ಅಕ್ಕನ ಜಗಲಿಯಲ್ಲಿ ಕೂತು ಒಂದು ಸಂಜೆಯಿಡೀ ಉಪನ್ಯಾಸ ಕೊಟ್ಟಿದ್ದೆ. ಎಂಜಿನ್ನಿನ ಭಾರ ಎಳೆಯುವ ಚಕ್ರದ ಮೇಲೇ ಕೂತಿರುತ್ತದೆ, ಆದ್ದರಿಂದ ಜಾರುವ ನೆಲಕ್ಕೆ ನನ್ನ ಕಾರೇ ಸರಿ ಅಂದಿದ್ದೆ. ಅವಳು ಅವರೆಕಾಯಿ ಸುಲಿಯುತ್ತಾ, ಖಾಲಿ ವ್ಯಾನಿನಲ್ಲಿ ಏರು ಹತ್ತುವಾಗ ತಾನು ಹಿಂದೆ ಎರಡು ಮೂಟೆ ಮರಳು ಹಾಕಿಕೊಳ್ಳುತ್ತೇನೆ ಎಂದಷ್ಟೇ ಹೇಳಿದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ವ್ಯಾನಿನ ಕ್ಲಚ್ಚು ಕೈಕೊಟ್ಟಿತು. ತಿಂಗಳು ತುಂಬಲು ಮೂರೇ ದಿನ ಬಾಕಿ. ಅಕ್ಕ ನನ್ನ ಮುಖ ನೋಡಿದಳು, ನಾನು ಕಾರಿನ ಕೀ ತೆಗೆದೆ. ಹೊಸ ಸೀಟು ಹಾಳಾಗದಿರಲೆಂದು ನಾಲ್ಕು ಕ್ಯಾನುಗಳಲ್ಲಿ ಎರಡನ್ನು ಡಿಕ್ಕಿಗೆ ತುರುಕಿದೆ, ಎರಡನ್ನು ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಗೋಣಿ ಹಾಸಿ ನಿಲ್ಲಿಸಿದೆ. ಓಡಿಸಲು ನಾನೇ ಕೂತೆ.

ಕೆರೆಯ ಪಕ್ಕದ ಏರಿನಲ್ಲಿ ಚಿಕ್ಕೇಗೌಡರು ಹುರುಳಿ ಹರಡಿದ್ದರು. ರಾತ್ರಿ ತುಂತುರು ಬಿದ್ದು ಬಳ್ಳಿಯೆಲ್ಲ ನೆಂದಿತ್ತು. ತುಂತುರೋ, ಬರೀ ಇಬ್ಬನಿಯೋ, ಈಗ ಆಣೆಯಿಟ್ಟು ಹೇಳಲಾರೆ. ಒದ್ದೆ ಬಳ್ಳಿ ಮೇಲೆ, ಉದುರಿದ ಕಾಳು ಕೆಳಗೆ. ಅರ್ಧ ಏರುವಷ್ಟರಲ್ಲಿ ಮುಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗತೊಡಗಿದವು. ಇನ್ನಷ್ಟು ಒತ್ತಿದೆ, ಕಾರು ಹಿಂದಕ್ಕೆ ಜಾರಿತು. ಮೂರು ಸಲ ಹತ್ತಿದೆ, ಮೂರು ಸಲವೂ ಅಲ್ಲಿಂದಲೇ ಇಳಿದೆ. ಚಿಕ್ಕೇಗೌಡರು ಬಳ್ಳಿ ಕೆದರುವ ಕವೆಗೋಲಿಗೆ ಒರಗಿ ನಿಂತು ನೋಡುತ್ತಿದ್ದರು.

"ಬುಡಬ್ಯಾಡಿ ಮೇಷ್ಟ್ರೇ, ಇನ್ನೆರಡು ಕಿತ ಅಂಗೇ ತಿರುಗಿಸಿ. ಕಾಳು ಚೆಂದಾಗಿ ಬುಡ್ತಾ ಅದೆ."

ಬಳ್ಳಿ ಸರಿಸಿ ಗುಡಿಸಲು ಗಂಟೆಯಾದರೂ ಬೇಕಿತ್ತು. ಟ್ಯಾಂಕರು ಹತ್ತು ನಿಮಿಷವೂ ಕಾಯುವುದಿಲ್ಲ. ಅಕ್ಕ ಇಳಿದು ಬಂದು ಕೇಳಿದಳು: "ಇದು ಎಳೆಯಾದು ಮುಂದ್ಗಡೆ ಚಕ್ರ ಅಂದ್ಯಲ್ಲ?"

ಹೌದು ಅಂದೆ.

"ಮತ್ತೆ ಭಾರನೆಲ್ಲ ಹಿಂದುಕ್ಯಾಕೆ ಹೇರ್ದೆ?"

ಇಲ್ಲಿಂದ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ನಾನು, ಏರಿನಲ್ಲಿ ಭಾರ ತಗ್ಗಿನ ಕಡೆಯ ಚಕ್ರಗಳಿಗೆ ಸರಿಯುತ್ತದೆ, ಆದ್ದರಿಂದ ಕಾರು ತಿರುಗಿಸಿ ರಿವರ್ಸಿನಲ್ಲಿ ಹತ್ತಬೇಕು ಎಂದು ಕೈಯಾಡಿಸಿ ಹೇಳುತ್ತಿದ್ದೇನೆ. ಇನ್ನೊಂದರಲ್ಲಿ ಬಾಗಿ ಟೈರು ನೋಡುತ್ತಾ ಸುಮ್ಮನೆ ನಿಂತಿದ್ದೇನೆ. ಅಕ್ಕ ಡಿಕ್ಕಿಯ ಕ್ಯಾನುಗಳನ್ನು ಇಳಿಸಿ, ಒಂದನ್ನು ಮುಂದಿನ ಸೀಟಿನ ಮೇಲೆ, ಇನ್ನೊಂದನ್ನು ಅದರ ಮುಂದೆ ಕಾಲಿಡುವ ಜಾಗದಲ್ಲಿ ಇಡುತ್ತಿದ್ದಾಳೆ. ಕಾರನ್ನು ತಗ್ಗಿನಲ್ಲಿ ತಿರುಗಿಸುತ್ತಾಳೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಅವಸರವಿಲ್ಲದೆ, ಕಾರಿನ ಬೆನ್ನು ಮುಂದಾಗಿ ಏರು ಹತ್ತುತ್ತಾಳೆ. ಚಕ್ರ ಒಮ್ಮೆ ಜಾರಿತು. ಅವಳು ಆಕ್ಸಿಲರೇಟರ್ ಒತ್ತಲಿಲ್ಲ, ಸಡಿಲ ಬಿಟ್ಟಳು. ಕಾರು ಮತ್ತೆ ನೆಲ ಕಚ್ಚಿ ಮೇಲಕ್ಕೆ ಹೋಯಿತು. ಟ್ಯಾಂಕರಿನವನು ಬಾಗಿಲು ಹಾಕುವ ಹೊತ್ತಿಗೆ ಹಾಲು ಅಲ್ಲಿತ್ತು. ಇಷ್ಟರಲ್ಲಿ ಅನುಮಾನವಿಲ್ಲ. ಆ ಕೆಲಸ ಇವತ್ತಿಗೂ ಅವಳದೇ.

ಗ್ಯಾರೇಜಿನಲ್ಲಿ ನಿಂತು ಎರಡು ನೆನಪುಗಳನ್ನೂ ತಕ್ಕಡಿಗೆ ಹಾಕಿ ತೂಗಿದೆ. ಸೀಟು ಹಾಳಾಗುತ್ತದೆಂದು ಗೋಣಿ ಹುಡುಕಿದವನು ಹಾಲಿನ ಕ್ಯಾನನ್ನು ಮುಂದಿನ ಸೀಟಿನ ಮೇಲೆ ಇಡು ಎಂದು ತಾನಾಗಿ ಹೇಳುತ್ತಾನೆಯೇ? ಭಾರ ತಗ್ಗಿಗೆ ಸರಿಯುತ್ತದೆ ಎಂಬ ಮಾತು ನನ್ನ ಬಾಯಿಗೆ ಬಂದದ್ದು ಆಮೇಲೆ, ಮೈಸೂರಿಗೆ ವಾಪಸಾಗಿ ಕಾಗದದ ಮೇಲೆ ಬಾಣಗಳನ್ನು ಬರೆದು ನೋಡಿದಾಗ. ಅಕ್ಕನಿಗೆ ಕಾಗದ ಬೇಕಿರಲಿಲ್ಲ. ತನ್ನ ವ್ಯಾನಿನ ಮರಳಿನಿಂದ ಅವಳು ಒಂದು ನಿಯಮ ಕಂಡುಕೊಂಡಿದ್ದಳು, ಅದನ್ನು ನನ್ನ ಕಾರಿಗೆ ತಿರುಗಿಸಿ ಹಚ್ಚಿದಳು. ನಾವು ವಿಜ್ಞಾನ ಅನ್ನುವುದು ಇದನ್ನೇ ಅಲ್ಲವೇ?

ಆದರೂ ಖಾತ್ರಿಯಾಗಲೆಂದು ಫೋನ್ ಮಾಡಿ, ಆವತ್ತು ರಿವರ್ಸ್ ಅಂದದ್ದು ಯಾರು ಎಂದು ಕೇಳಿದೆ. "ಯಾಕ್ಲಾ, ಈಗೇನ್ ಬಂತು ಅದುಕ್ಕೆ?" ಅಂದಳು. ಕ್ಲಾಸಿನಲ್ಲಿ ಇಷ್ಟು ವರ್ಷ ಏನು ಹೇಳಿಕೊಂಡು ಬಂದೆನೆಂದು ಒಪ್ಪಿಕೊಂಡೆ.

"ನೀನ್ ಹೇಳ್ಲಿಲ್ಲ ಕಣೋ. 'ಹುಷಾರಕ್ಕ, ಕಾರು ಗೀಚಿಬಿಟ್ಟೀಯ' ಅಂದೆ. ಅಷ್ಟೇಯ."

ಸೋಮವಾರ ಅದೇ ಪಾಠವಿತ್ತು. ಬೋರ್ಡಿನ ಮೇಲೆ ಏರು ಬರೆದೆ, ಮೂತಿ ತಗ್ಗಿಗೆ ಮಾಡಿದ ಕಾರು ಬರೆದೆ, ಬಾಣಗಳನ್ನು ಎಳೆದೆ. ಇದನ್ನು ಕಂಡುಹಿಡಿದದ್ದು ಯಾರು ಸಾರ್ ಎಂದು ಮೊದಲ ಬೆಂಚಿನ ಹುಡುಗಿ ಕೇಳಿದಳು. ಪುಸ್ತಕದಲ್ಲಿ ಬರುವ ವಿಜ್ಞಾನಿಗಳ ಹೆಸರುಗಳಲ್ಲಿ ಒಂದನ್ನು ಬರೆದುಕೊಳ್ಳಲು ಪೆನ್ನು ಹಿಡಿದಿದ್ದಳು.

"ರತ್ನಮ್ಮ" ಅಂದೆ. "ನಮ್ಮಕ್ಕ. ಹಾಲಿನ ವ್ಯಾನು ಓಡಿಸ್ತಾರೆ."

ಯಾರಾದರೂ ನಗುತ್ತಾರೇನೋ ಎಂದು ಕಾದೆ. ಹುಡುಗಿ ತಲೆ ಬಗ್ಗಿಸಿ ಹೆಸರು ಬರೆದುಕೊಂಡಳು.